ಮೌನದ ಊಟ

ಬಣ್ಣದ ಯುದ್ಧದ ಕೊನೆಯ ದಿನ, ಬೆಳಗಿನ ತಿಂಡಿಯ ಹೊತ್ತಿನಲ್ಲಿ ವಿನ್ನಿ ಆಸ್ಟ್ರೋ ನಕ್ಕುಬಿಟ್ಟಳು.

ನಗುವಂಥದ್ದು ಏನೂ ನಡೆದಿರಲಿಲ್ಲ. ಆ ಒಂಬತ್ತು ವರ್ಷದ ಹುಡುಗಿಗೆ ಹೆದರಿಕೆಯಾದರೆ ಅಳುವಿನ ಬದಲು ನಗು ಬರುತ್ತಿತ್ತು, ಅಷ್ಟೇ. ಆದರೆ ಅವತ್ತಿನದು ಮೌನದ ಊಟ. ಗಂಟೆಯಿಂದ ಗಂಟೆಯವರೆಗೆ ಯಾರ ಬಾಯಿಂದ ಸದ್ದು ಬಂದರೂ ಅವರ ಪಕ್ಷಕ್ಕೆ ನಲವತ್ತು ಅಂಕ ಖೋತಾ; ದೊಡ್ಡವರ ಬಾಯಿಂದ ಬಂದರೆ ಎಂಬತ್ತು. ವಿನ್ನಿಯ ಹಸಿರು ಪಕ್ಷ ಮುಂದಿದ್ದದ್ದು ಸರಿಯಾಗಿ ನಲವತ್ತೇ ಅಂಕ. ವಿನ್ನಿ ಕಿಸಕ್ಕೆಂದದ್ದೇ ತಡ, ಬಿಳಿ ಪಕ್ಷ ಸಮಕ್ಕೆ ಬಂದು ನಿಂತಿತು.

ಬೇಸಿಗೆ ಶಿಬಿರದ ಕೊನೆಯ ವಾರ ಮಕ್ಕಳನ್ನು ಹಸಿರು, ಬಿಳಿ ಅಂತ ಎರಡಾಗಿ ಸೀಳಿ ಐದು ದಿನ ಕಾದಾಡಿಸುವ ಈ ಆಟವನ್ನು ಯಾರು ಹುಟ್ಟುಹಾಕಿದರೋ, ಅವರ ಕೈ ಸೇದಿಹೋಗಲಿ. ಅಜ್ಜಿ ಹಸಿರಾದರೆ ಅಮ್ಮ ಹಸಿರು, ಅಮ್ಮ ಹಸಿರಾದರೆ ಮಗಳೂ ಹಸಿರು. ಸರೋವರದ ದಂಡೆಯಲ್ಲಿ ಕಳೆದ ವಾರದವರೆಗೆ ಕೈಕೈ ಹಿಡಿದು ಓಡಾಡುತ್ತಿದ್ದ ಗೆಳತಿಯರು ಈಗ ಎದುರಾದರೆ ಉಗುಳುತ್ತಿದ್ದರು.

ವಿನ್ನಿ ಮಲಗುವ ಮರದ ಕ್ಯಾಬಿನ್ನಿಗೆ ಮೇಲ್ವಿಚಾರಕಿ, ಶಿಬಿರದ ಮಾತಲ್ಲಿ ಕೌನ್ಸೆಲರ್, ಕೊರಿನ್ ಥಿಬೊಡೋ. ಹತ್ತೊಂಬತ್ತರ ಹುಡುಗಿ, ಅಮೆರಿಕದ ಮೇನ್ ರಾಜ್ಯದ ಕಾಗದದ ಗಿರಣಿಯ ಊರಿನವಳು. ಎಂಟು ಶ್ರೀಮಂತರ ಮಕ್ಕಳಿಗೆ ಎಂಟು ವಾರ ಅಮ್ಮ, ಅಕ್ಕ, ಪೊಲೀಸು ಎಲ್ಲ ಅವಳೇ. ಎರಡು ವರ್ಷ ಸತತ ಸೋತು ಸುಣ್ಣವಾಗಿದ್ದಳು. ಈ ಸಲ ಗೆಲ್ಲಲೇಬೇಕೆಂಬ ಹಟ ಮಕ್ಕಳಿಗಿಂತ ಅವಳಿಗೇ ಹೆಚ್ಚಿತ್ತು.

ತಿಂಡಿ ಮುಗಿಸಿ ಬಂದವಳೇ ಕ್ಯಾಬಿನ್ನಿನ ಬಾಗಿಲು ಒದ್ದು ಮುಚ್ಚಿದಳು.

“ಐದು ದಿನ ಹಗ್ಗ ಎಳೆದು ಅಂಗೈ ಸುಲಿದುಕೊಂಡಿದ್ದು ಯಾತಕ್ಕೆ? ಇವಳ ಹಲ್ಲು ನೋಡೋದಕ್ಕಾ?” ಅಂದಳು. “ಇನ್ನೊಂದೇ ಊಟ ಉಳಿದಿದೆ. ಇವಳ ಬಾಯಿ ಮುಚ್ಚಿಸೋದು ನಿಮ್ಮ ಕೆಲಸ. ಹೇಗೆ ಮುಚ್ಚಿಸಿದ್ರಿ ಅಂತ ನಾನು ಕೇಳಲ್ಲ.”

“ನನಗೆ ಬಿಡು,” ಅಂದಳು ಬ್ಲೇರ್ ಹ್ಯಾಸ್ಕೆಲ್. ಹನ್ನೊಂದು ವರ್ಷ, ಕ್ಯಾಬಿನ್ನಿನ ನಾಯಕಿ, ಮೂರು ತಲೆಮಾರಿನ ಹಸಿರು. “ಏಯ್ ಕಿಸಕ್ಕಿ, ಬಾರೇ ಇಲ್ಲಿ. ನಿನಗೆ ಟ್ಯೂಷನ್ ಇದೆ.”

ವಿನ್ನಿ ಆಗಲೂ ನಕ್ಕಳು, ಪಾಪ.

ಹನ್ನೊಂದು ಗಂಟೆಗೆ ಬಚ್ಚಲಿನ ಹಿಂದಿನಿಂದ ಚಟೀರ್ ಚಟೀರ್ ಸದ್ದು ಕೇಳಿ ಕೊರಿನ್ ಓಡಿ ಹೋದಳು. ವಿನ್ನಿ ಒಬ್ಬಳೇ ಗೋಡೆಗೆ ಆತು ನಿಂತಿದ್ದಳು. ತೊಡೆಯ ಹಿಂಭಾಗದಲ್ಲಿ ಬಾಚಣಿಗೆಯ ಬೆನ್ನಿನಷ್ಟಗಲದ ಬಾಸುಂಡೆಗಳು, ಒಂದರ ಮೇಲೊಂದು. ಕೆಳತುಟಿ ಒಡೆದಿತ್ತು.

“ಯಾರು ಹೊಡೆದದ್ದು?”

“ಬಿದ್ದೆ.”

“ತೊಡೆ ಮೇಲೆ ಆರು ಸಲ ಬಿದ್ಯಾ?”

“ಹೂಂ. ನಾನೀಗ ನಗ್ತಾ ಇಲ್ಲ ನೋಡು, ಕೊರಿನ್. ಬ್ಲೇರ್ ಹೇಳಿದ್ಲು, ಮಧ್ಯಾಹ್ನ ಉಸಿರೆತ್ತದೇ ಇದ್ರೆ ನನ್ನನ್ನ ಅವಳ ಗುಂಪಿಗೆ ಸೇರಿಸ್ಕೋತಾಳಂತೆ.”

ಆ ಕ್ಷಣವೇ ಕೈ ಹಿಡಿದು ಶಿಬಿರದ ಮುಖ್ಯಸ್ಥೆಯ ಬಳಿ ಕರೆದೊಯ್ಯಬೇಕಿತ್ತು. ಅದು ಕೊರಿನ್‌ಗೆ ಗೊತ್ತಿತ್ತು. ಆದರೆ ಕರೆದೊಯ್ದರೆ ಬ್ಲೇರ್ ಆಟದಿಂದ ಹೊರಗೆ, ಹಸಿರು ಪಕ್ಷದ ಕತೆ ಅಲ್ಲಿಗೆ ಮುಗಿಯಿತು. ಒಂದೇ ಊಟ ತಾನೇ, ಆಮೇಲೆ ವಿಚಾರಿಸಿದರಾಯಿತು ಅಂದುಕೊಂಡು ಒದ್ದೆ ಬಟ್ಟೆಯಿಂದ ಅವಳ ತುಟಿ ಒರೆಸಿದಳು. ಕಂಡೂ ಕಾಣದ ಹಾಗೆ ಇರುವುದು ಎಷ್ಟು ಸುಲಭ ಎಂದು ಅವಳಿಗೇ ನಾಚಿಕೆಯಾಯಿತು.

ಊಟದ ಗಂಟೆ ಹೊಡೆಯಿತು. ಇನ್ನೂರು ಹುಡುಗಿಯರು ಸ್ಪಗೆಟ್ಟಿಯ ಮುಂದೆ ತುಟಿ ಹೊಲಿದುಕೊಂಡವರಂತೆ ಕೂತರು. ತೀರ್ಪುಗಾರ್ತಿ ಪುಸ್ತಕ ಹಿಡಿದು ಸಾಲುಗಳ ನಡುವೆ ನಡೆಯುತ್ತಿದ್ದಳು. ಕೊರಿನ್ ಮೇಜಿನ ತುದಿಯಲ್ಲಿ. ವಿನ್ನಿ ಬ್ಲೇರ್‌ಗೆ ಅಂಟಿ ಕೂತಿದ್ದಳು.

ಊಟ ಮುಗಿಯುತ್ತ ಬಂದಾಗ ಬಿಳಿ ಪಕ್ಷದ ಪುಟ್ಟಿಯೊಬ್ಬಳು ಬಿಸಿ ಸಾರು ಕೈಮೇಲೆ ಚೆಲ್ಲಿಕೊಂಡು “ಅಮ್ಮಾ!” ಅಂದಳು. ನಲವತ್ತು ಅಂಕ ಹೋಯಿತು. ಪಕ್ಕದವಳು ಬೆಂದ ಕೈ ನೋಡುವುದು ಬಿಟ್ಟು ಅವಳ ಕೂದಲು ಜಗ್ಗಿದಳು. ಇನ್ನು ಆರು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಹಸಿರು ಗೆದ್ದಂತೆ. ಕೊರಿನ್ ಗೋಡೆಯ ಗಡಿಯಾರ ನೋಡಿದಳು, ಆಮೇಲೆ ವಿನ್ನಿಯನ್ನು ನೋಡಿದಳು.

ವಿನ್ನಿಯ ತುಟಿಯ ಕೊನೆ ನಡುಗಿತು. ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಬ್ಲೇರ್‌ಳ ಭುಜ ಒಮ್ಮೆ ಕುಲುಕಿತು. ವಿನ್ನಿಯ ಮುಖ ಬಿಳಿಚಿಕೊಂಡು ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಸದ್ದಿಲ್ಲ. ಬೆಂಚಿನ ಕೆಳಗೆ ನೆಲದ ಹಲಗೆಯ ಮೇಲೆ ಕೆಂಪು ಹನಿ ಬಿತ್ತು.

ಶರಬತ್ತು ಚೆಲ್ಲಿದ್ದಾಳೆ ಅಂದುಕೊಂಡಳು ಕೊರಿನ್. ಶಿಬಿರದಲ್ಲಿ ಮೂರು ಹೊತ್ತೂ ಬಕೆಟ್ಟುಗಟ್ಟಲೆ ಕದಡಿ ಕೊಡುವ ಕೆಂಪು ಶರಬತ್ತು ಎಲ್ಲರ ಅಂಗಿಯ ಮೇಲೂ, ಎಲ್ಲ ಹಲಗೆಗಳ ಮೇಲೂ ಇತ್ತು. ಎಂಟು ವಾರದಿಂದ ಅದನ್ನು ಒರೆಸಿ ಒರೆಸಿ ಅವಳ ಕಣ್ಣಿಗೆ ಕೆಂಪೆಂದರೆ ಶರಬತ್ತೇ. ಎರಡು ನಿಮಿಷ ಹಾಗೇ ಕೂತಳು. ಹನಿ ಹೆಚ್ಚಿತು. ವಿನ್ನಿಯ ಲೋಟ ನೋಡಿದಳು. ಅದು ತುಂಬಿಯೇ ಇತ್ತು.

ಬಗ್ಗಿ ನೋಡಿದಳು. ಬ್ಲೇರ್‌ಳ ಮುಷ್ಟಿಯಲ್ಲಿ ಮುಳ್ಳುಚಮಚ. ವಿನ್ನಿಯ ತೊಡೆಯಲ್ಲಿ ನಾಲ್ಕು ನಾಲ್ಕು ತೂತುಗಳ ಸಾಲು. ಕೊರಿನ್ ನೋಡುತ್ತಿದ್ದಂತೆಯೇ ಚಮಚ ಮತ್ತೆ ಇಳಿಯಿತು, ಈ ಸಲ ಬುಡದವರೆಗೆ, ಮತ್ತು ಅಲ್ಲೇ ತಿರುಗಿತು.

“ಬಿಡೇ ರಾಕ್ಷಸಿ!”

ಇಡೀ ಊಟದ ಮನೆ ಬೆಚ್ಚಿತು. ಕೊರಿನ್ ಮೇಜು ಹತ್ತಿ ಹಾರಿ ಬ್ಲೇರ್‌ಳ ಜಡೆ ಹಿಡಿದು ಮುಖವನ್ನು ತಟ್ಟೆಗೆ ಅಪ್ಪಳಿಸಿದಳು. ಒಮ್ಮೆಗೇ ಮೂಗಿನ ಮೂಳೆ ಮುರಿದದ್ದು ಕೇಳಿಸಿತು. ಆದರೂ ಇನ್ನೊಮ್ಮೆ ಅಪ್ಪಳಿಸಿದಳು. ಅಡುಗೆಯವರು ಇಬ್ಬರು ಬಂದು ತೋಳು ಹಿಂದಕ್ಕೆ ತಿರುಚಿ ಎಳೆದರು. ಮುಗಿಯುವ ಗಂಟೆ ಹೊಡೆದದ್ದೇ ಬಿಳಿ ಪಕ್ಷದವರು ಗೆದ್ದೆವೆಂದು ಮೇಜು ಗುದ್ದುತ್ತ ಕಿರುಚತೊಡಗಿದರು.

ಬ್ಲೇರ್‌ಳನ್ನು ಪಟ್ಟಣದ ಆಸ್ಪತ್ರೆಗೆ ಕಳಿಸಿದರು. ಪೊಲೀಸರಿಗೂ ಹೇಳಿಕಳಿಸಿಯಾಗಿತ್ತು. ಅವರು ಬರುವ ಮೊದಲು ಕೊರಿನ್ ಅಂಗಲಾಚಿ ನರ್ಸಿನ ಕೋಣೆಗೆ ಹೋದಳು. ವಿನ್ನಿ ತೊಡೆಗೆ ದಪ್ಪ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು.

“ತಪ್ಪಾಯ್ತು ಕಣೇ ವಿನ್ನಿ,” ಅಂದಳು ಕೊರಿನ್. “ನಾನು ಬೆಳಗ್ಗೇನೇ…”

ವಿನ್ನಿ ಎದ್ದು ಕೂತು ಬಲವಾಗಿ ಅವಳ ಕೆನ್ನೆಗೆ ಬಾರಿಸಿದಳು.

“ನಾನು ಒಂದೇ ಒಂದು ಸದ್ದೂ ಮಾಡಲಿಲ್ಲ!” ಎಂದು ಕಿರುಚಿದಳು. “ಅಷ್ಟು ಚುಚ್ಚಿದ್ರೂ ಮಾಡಲಿಲ್ಲ! ಮೂರೇ ನಿಮಿಷ ಇತ್ತು. ಬಾಯಿ ಬಿಟ್ಟಿದ್ದು ನೀನು. ನೀನೇ ಹೇಳಿದ್ದೆ ಬಾಯಿ ಮುಚ್ಚಿಸಿ ಅಂತ, ನೀನೇ ಸೋಲಿಸಿಬಿಟ್ಟೆ.”

ಕೊರಿನ್ ಇನ್ನೊಂದು ಏಟಿಗೂ ಅಲ್ಲೇ ನಿಂತಳು.

“ಬ್ಲೇರ್ ಎಲ್ಲಿ?” ಅಂದಳು ವಿನ್ನಿ, ಅಳುತ್ತ. “ನನಗೆ ಬ್ಲೇರ್ ಬೇಕು.”