ಅಣ್ಣ ಹಾಕಿದ ಟಿಕ್ಕು

ಕಾಲೇಜಿನ ಫೀಸು ಎರಡು ವರ್ಷಕ್ಕೆ ಮೂರು ಲಕ್ಷ. ಹಾಸ್ಟೆಲ್ಲು, ಪುಸ್ತಕ, ಓಡಾಟ ಸೇರಿ ಇನ್ನೊಂದು ಲಕ್ಷ. ಕೆಲಸ ಬಿಟ್ಟರೆ ಕೈತಪ್ಪುವ ಸಂಬಳ ಅದಕ್ಕಿಂತ ಜಾಸ್ತಿ. ಅಮ್ಮನ ಔಷಧಿ, ಮನೆ ಬಾಡಿಗೆ ಎರಡು ವರ್ಷ ಅಣ್ಣನೊಬ್ಬನ ಹೆಗಲಿಗೆ.

ಇಷ್ಟೆಲ್ಲ ಸುರಿದು ಓದುವ ಎಂಎಸ್ಸಿ ನರ್ಸಿಂಗ್ ಯಾವ ವಿಭಾಗದಲ್ಲಿ ಎಂಬುದನ್ನು ಓದಬೇಕಿದ್ದ ನರ್ಸ್ ತಂಗಿಯೇ ತೀರ್ಮಾನಿಸಿರಲಿಲ್ಲ. ಟೈಲರ್ ಆಗಿದ್ದ ಅಣ್ಣ ಅರ್ಜಿಯಲ್ಲಿ 'ಐಸಿಯು ಶುಶ್ರೂಷೆ'ಗೆ ಟಿಕ್ ಹಾಕಿ, ಸೀಟು ಕೊಡಿಸುವ ಏಜೆಂಟಿಗೆ ಐದು ಸಾವಿರ ಕೊಟ್ಟಾಗಿತ್ತು.

ತಂಗಿ ಡ್ಯೂಟಿ ಮುಗಿಸಿ ಸಹಿ ಹಾಕಲು ಅಂಗಡಿಗೆ ಬಂದಳು. ಅರ್ಜಿ ಹೊಲಿಗೆ ಮೆಷಿನ್ ಮೇಲೆ, ಕತ್ತರಿಯ ಕೆಳಗಿತ್ತು. ಅದೇ ಹೊತ್ತಿಗೆ ಯೂನಿಫಾರ್ಮ್ ಒಯ್ಯಲು ಅವಳ ವಾರ್ಡಿನ ಹಿರಿಯ ನರ್ಸ್ ಬಂದರು. ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಗುಡುಗಮ್ಮ ಎಂದೇ. ಅರ್ಜಿಯ ಮೇಲೆ ಅವರ ಕಣ್ಣು ಬಿತ್ತು.

"ಇದು ನಿನ್ನ ಕೈಬರಹ ಅಲ್ಲವಲ್ಲೇ?"

"ಅಣ್ಣ ತುಂಬಿಸಿದ್ದು ಸಿಸ್ಟರ್."

"ಯಾಕಪ್ಪ, ಐಸಿಯುನಲ್ಲಿ ನೀನು ನೈಟ್ ಡ್ಯೂಟಿ ಮಾಡ್ತೀಯಾ?"

ಅಣ್ಣ ಕುತ್ತಿಗೆಯಿಂದ ಟೇಪು ತೆಗೆದ. "ಅದಕ್ಕೆ ಡಿಮ್ಯಾಂಡ್ ಇದೆಯಂತಮ್ಮ, ಏಜೆಂಟ್ ಹೇಳಿದ. ಇವಳನ್ನ ಕೇಳಿದ್ರೆ ಬಾಯೇ ಬಿಡಲ್ಲ."

"ಗೊತ್ತಿದ್ರೆ ತಾನೇ ಬಿಡೋದು!" ತಂಗಿ ಸಿಡಿದಳು. "ಮಕ್ಕಳ ವಾರ್ಡೂ ಇಷ್ಟ, ಮನೆಮನೆಗೆ ಹೋಗಿ ಬಾಣಂತಿಯರನ್ನ ನೋಡೋದೂ ಇಷ್ಟ. ಆರು ವರ್ಷ ನರ್ಸಾಗಿದ್ದು ಗೊತ್ತಿಲ್ಲ ಅಂದ್ರೆ ನಗ್ತಾರೆ ಅಂತ ಸುಮ್ನಿದ್ದೆ."

"ಔಷಧಿ ತುಂಬಿ ಹೆಸರು ಬರೆಯದ ಸಿರಿಂಜ್ ಟ್ರೇನಲ್ಲಿ ಸಿಕ್ಕಿದ್ರೆ ಏನ್ಮಾಡ್ತೀಯ?" ಗುಡುಗಮ್ಮ ಕೇಳಿದರು.

"ಎಸೀತೀನಿ."

"ಒಳ್ಳೇ ಔಷಧಿನೇ ಇರ್ಬೇಕು ಅಂತ ಯಾರೋ ಅಂದ್ರೂ ರೋಗಿಗೆ ಚುಚ್ಚಲ್ಲ. ನೀನು ಮಾತ್ರ ಚುಚ್ಚಿಸ್ಕೋತೀಯಾ?" ಆ ದನಿಗೆ ಪಕ್ಕದ ಅಂಗಡಿಯವನು ಇಣುಕಿ ನೋಡಿದ. "ನನ್ನನ್ನೇ ನೋಡು. ಓದಿದ್ದು ಮನೋರೋಗ ಶುಶ್ರೂಷೆ. ಇಪ್ಪತ್ತು ವರ್ಷದಿಂದ ನೋಡ್ತಿರೋದು ಮುರಿದ ಕಾಲು. ಯಾಕೆ? ಇಷ್ಟಪಟ್ಟು ಆರಿಸಿದ್ದಲ್ಲ; ಆ ವರ್ಷ ಅದೊಂದೇ ವಿಭಾಗದ ಸೀಟು ಉಳಿದಿತ್ತು, ನಮ್ಮಪ್ಪ ಟಿಕ್ ಹಾಕಿದ್ರು!"

"ಹಾಗಾದ್ರೆ ಗೊತ್ತಾಗೋವರೆಗೂ ಇವಳು ಓದೋದೇ ಬೇಡ್ವಾ?" ಅಣ್ಣನೂ ರೇಗಿದ.

"ಎಲ್ಲ ಕಾಲೇಜೂ ಒಂದೇ ಥರ ಇರಲ್ಲಪ್ಪ. ಕೆಲವು ಕಡೆ ಸೇರುವಾಗಲೇ ವಿಭಾಗ ಹೇಳ್ಬೇಕು. ಕೆಲವು ಕಡೆ ಮೊದಲು ಎಲ್ಲರಿಗೂ ಒಂದೇ ಪಾಠ, ಬೇರೆಬೇರೆ ವಾರ್ಡಲ್ಲಿ ಕೆಲಸ, ಆಮೇಲೆ ಆಯ್ಕೆ. ಫೋನ್ ಮಾಡಿ ಕೇಳು. ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ."

ಅಣ್ಣ ಏಜೆಂಟ್ ಹೇಳಿದ ಕಾಲೇಜಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. "ಸೇರಿದ ಮೇಲೆ ವಿಭಾಗ ಬದಲಾಯಿಸಬಹುದಾ?"

"ಮೊದಲು ದುಡ್ಡು ಕಟ್ಟಿ, ಆಮೇಲೆ ಮಾತಾಡೋಣ."

"ಬಿಟ್ಟುಹೋದ್ರೆ ವಾಪಸ್ ಕೊಡ್ತೀರಾ?"

ಫೋನ್ ಕಟ್ಟಾಯಿತು. ಅಣ್ಣನ ಕಿವಿ ಕೆಂಪಾಯಿತು. "ಅಳತೆ ತಗೊಳ್ಳೋ ಮೊದಲೇ ನಾನು ಹೊಲಿಗೆ ದುಡ್ಡು ಕೇಳಿದ್ರೆ ಗಿರಾಕಿ ಕೆನ್ನೆಗೆ ಬಾರಿಸ್ತಾನೆ!" ಅರ್ಜಿಯನ್ನು ಎರಡು ತುಂಡು ಮಾಡಿದ. "ನಿನ್ನ ಕೇಳದೆ ಟಿಕ್ ಹಾಕಿದ್ದು ನನ್ನ ತಪ್ಪು ಕಣೇ."

ಆ ವಾರ ತಂಗಿ ತಾನೇ ಐದು ಕಾಲೇಜುಗಳಿಗೆ ಫೋನ್ ಮಾಡಿದಳು.

ಅಕ್ಕತಂಗಿಯರೇ, ನಿಮ್ಮ ಅರ್ಜಿ ನೀವೇ ತುಂಬಿ. ಕಾಲೇಜಿಗೆ ಮಾನ್ಯತೆ ಇದೆಯೇ, ವಿಭಾಗ ಯಾವಾಗ ಆರಿಸಬೇಕು, ಬದಲಾಯಿಸಬಹುದೇ, ಕಟ್ಟಿದ ಹಣ ವಾಪಸ್ ಬರುತ್ತದೆಯೇ ಎಂದು ಕೇಳಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅಲ್ಲಿ ಓದಿದವರಲ್ಲಿ ಒಬ್ಬರನ್ನಾದರೂ ಮಾತಾಡಿಸಿ. ಇವತ್ತೇ ಕಟ್ಟಿ ಎಂದು ಯಾರಾದರೂ ಅವಸರ ಮಾಡಿದರೆ ಸಿಟ್ಟಾಗಿ, ಎದ್ದು ಬನ್ನಿ.

ಈ ತಂಗಿಗೆ ಏಜೆಂಟ್ ಐದು ಸಾವಿರ ವಾಪಸ್ ಕೊಡಲಿಲ್ಲ. ಓದು ಒಂದು ವರ್ಷ ತಡವಾಯಿತು. ಆಯ್ಕೆಗೆ ಸಮಯ ಕೊಡುವ ಕಾಲೇಜು ಸೇರಿ, ನಾಲ್ಕು ವಾರ್ಡುಗಳಲ್ಲಿ ಕೆಲಸ ಮಾಡಿ ನೋಡಿ, ಮನೆಮನೆಗೆ ಹೋಗಿ ನೋಡುವ ಸಮುದಾಯ ಆರೋಗ್ಯ ವಿಭಾಗವನ್ನು ಆರಿಸಿಕೊಂಡಳು. ಈಗ ಅದೇ ಕೆಲಸದಲ್ಲಿದ್ದಾಳೆ.