ನಕ್ಷತ್ರದ ಮುಂದಿನ ಮೋಡ

ವಿಜ್ಞಾನಿಯಮ್ಮನಿಗೆ ಗಂಡನೊಬ್ಬನನ್ನು ಬಿಟ್ಟು ಉಳಿದವರ ಮೇಲೆಲ್ಲ ನಂಬಿಕೆಯಿತ್ತು. ಹಾಗೆ ನೋಡಿದರೆ ಉಳಿದವರ ಮೇಲೂ ಅಷ್ಟಕ್ಕಷ್ಟೇ. ಅತ್ತೆಯ ಮುಂದೆ ಮಾತ್ರ ನಿಮ್ಮ ಮಗ ಚಿನ್ನದಂಥವರು ಎನ್ನುತ್ತಿದ್ದಳು.

ಇಬ್ಬರಿಗೂ ಅನ್ನ ಕೊಡುತ್ತಿದ್ದದ್ದು ಭೂಮಿಯ ಸುತ್ತ ತಿರುಗುವ ಒಂದೇ ಎಕ್ಸ್-ರೇ ದೂರದರ್ಶಕ. ಅದರ ತೆಳು ಫಿಲ್ಟರ್ ಮೇಲೆ ವರ್ಷದಿಂದ ವರ್ಷಕ್ಕೆ ಜಿಡ್ಡು ಕೂರುತ್ತದೆ. ಆ ಜಿಡ್ಡು ದುರ್ಬಲ ಕಿರಣಗಳನ್ನು ಎಷ್ಟು ನುಂಗುತ್ತಿದೆ ಎಂದು ಅಳೆದು, ಲೆಕ್ಕ ಸರಿಪಡಿಸುವ ಫೈಲ್ ಕಳಿಸುವುದು ಗಂಡನ ಕೆಲಸ. ಹಿಂದೊಮ್ಮೆ ಅವನ ಫೈಲ್ ತಪ್ಪಿ ಅವಳ ಲೇಖನ ಮಣ್ಣುಪಾಲಾಗಿತ್ತು.

"ಹೊಸ ಫೈಲ್ ಹಾಕ್ಕೊಂಡ್ಯಾ?" ಎಂದು ಅವನು ಪ್ರತಿ ಸಲವೂ ತಟ್ಟೆ ತೊಳೆಯುತ್ತ ಕೇಳುತ್ತಿದ್ದ.

"ಹೂಂ, ಹಾಕ್ಕೊಂಡೆ," ಎನ್ನುತ್ತಿದ್ದಳು. ಹಾಕುತ್ತಿರಲಿಲ್ಲ. ಹಳೆಯದರಲ್ಲೇ ಕೆಲಸ ಸಾಗಿತ್ತು.

ಈಗ ಅವಳ ನಕ್ಷತ್ರದಿಂದ ಬರುವ ಕಡಿಮೆ ಶಕ್ತಿಯ ಕಿರಣಗಳು ಕ್ಷೀಣಿಸುತ್ತಿದ್ದವು. ಹೆಚ್ಚು ಶಕ್ತಿಯವು ಹಾಗೇ ಇದ್ದವು. ಅಂದರೆ ನಡುವೆ ಅನಿಲ, ಧೂಳಿನ ಮೋಡವೊಂದು ಬಂದು ದುರ್ಬಲ ಕಿರಣಗಳನ್ನು ನುಂಗುತ್ತಿದೆ. ವಾರದ ಹಿಂದೆಯೇ ಗಂಡನ ಮುಂದೆ ಈ ಮೋಡದ ಜಂಬ ಕೊಚ್ಚಿದ್ದಳು. ನಾಳೆಯ ಸಭೆಯಲ್ಲಿ ಇದನ್ನು ಸಾರಿದರೆ ಸ್ವಂತ ತಂಡ ಅವಳದು.

ಒಂದೇ ಕೊರತೆ. ಧೂಳು ಕಿರಣಗಳನ್ನು ಚದುರಿಸಿ ನಕ್ಷತ್ರದ ಸುತ್ತ ಮಸುಕು ಪ್ರಭೆ ಮೂಡಿಸಬೇಕು. ಚಿತ್ರದಲ್ಲಿ ಅದು ಇರಲಿಲ್ಲ.

ಅವಳು ಗಂಡನ ಕೋಣೆಗೆ ನುಗ್ಗಿದಳು. ಅವನು ಥಟ್ಟನೆ ಲ್ಯಾಪ್‌ಟಾಪ್ ಮುಚ್ಚಿದ.

"ನನ್ನ ಚಿತ್ರ ಮುಟ್ಟಿದೀರಾ? ಪ್ರಭೆ ಎಲ್ಲಿ ಹೋಯ್ತು?"

"ನಾನ್ಯಾಕೆ ಮುಟ್ಟಲಿ. ಆ ಸಿಡಿದ ಹಳೇ ನಕ್ಷತ್ರದ ಅವಶೇಷ ಇದೆಯಲ್ಲ, ನಾವು ಅಳತೆ ಸರಿನೋಡೋಕೆ ಬಳಸೋದು, ಯಾವತ್ತೂ ಬದಲಾಗದ್ದು, ಅದನ್ನೊಂದ್ಸಲ ನೋಡು."

ಹೊಟ್ಟೆಕಿಚ್ಚು, ಇನ್ನೇನು ಎಂದುಕೊಂಡಳು. ಅವನ ಬಾಯಿ ಮುಚ್ಚಿಸಲೆಂದೇ ನೋಡಿದಳು. ಅವಶೇಷದ ಮುಂದೆಯೂ ಮೋಡ ಕವಿದಿತ್ತು, ಅಷ್ಟೇ ದಪ್ಪ. ಆಕಾಶದ ಎರಡು ಮೂಲೆಗೆ ಒಂದೇ ಮೋಡ ಬರುವುದುಂಟೇ? ಹೊಸ ಫೈಲ್ ಹಾಕಿದಳು. ಎರಡೂ ಮೋಡ ಮಾಯ. ಇದ್ದದ್ದು ಫಿಲ್ಟರಿನ ಜಿಡ್ಡು ಮಾತ್ರ.

ನಾಳೆ ಸಾರಲು ಏನೂ ಉಳಿದಿರಲಿಲ್ಲ. ಅವಮಾನದಲ್ಲಿ ಉರಿದು ಮತ್ತೆ ಅವನ ಬಳಿಗೇ ಹೋದಳು.

"ನಿಮಗೆ ಮೊದಲೇ ಗೊತ್ತಿತ್ತು. ನಾನು ಹಳ್ಳಕ್ಕೆ ಬೀಳೋದನ್ನ ನೋಡ್ಕೊಂಡು ಕೂತಿದ್ರಿ. ಏನನ್ನ ಮುಚ್ಚಿಟ್ಟಿದ್ದು ಅದರಲ್ಲಿ?"

ಅವನು ಲ್ಯಾಪ್‌ಟಾಪ್ ತೆರೆದು ಅವಳ ಕಡೆ ತಿರುಗಿಸಿದ. ತೆರೆಯ ತುಂಬ ಅದೇ ಅವಶೇಷದ ಗ್ರಾಫುಗಳು.

"ನೀನು ಫೈಲ್ ಹಾಕ್ಕೊಂಡಿದೀನಿ ಅಂದಿದ್ಯಲ್ಲ," ಎಂದ. "ಆದರೂ ಮೋಡ ಕಾಣ್ತು ಅಂದ್ರೆ ನನ್ನದೇ ಮತ್ತೆ ತಪ್ಪಿರಬೇಕು ಅಂತ ವಾರದಿಂದ ಕೂತು ಅಳೀತಿದೀನಿ."