ಉಪವಾಸದ ಚೀಲ

ಊಟದ ತಟ್ಟೆಗಳನ್ನು ಇನ್ನೂ ಎತ್ತಿರಲಿಲ್ಲ. ಬಾಗಿಲು ಬಡಿದ ಸದ್ದಾಯಿತು. ಒಂದೇ ಬಾರಿ, ಗಟ್ಟಿಯಾಗಿ.

ಲೂರ್ದವ್ವ ಏಳಲಿಲ್ಲ. ಆಕೆಯ ಗಂಡ ಇನ್ನಾಸಪ್ಪನೂ ಏಳಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡರು. ಹೊರಗೆ ಯಾರದೋ ಹೆಜ್ಜೆಗಳು ಲಗುಬಗೆಯಿಂದ ದೂರವಾಗುತ್ತಿದ್ದವು. ಲೂರ್ದವ್ವ ಕಣ್ಣು ಮುಚ್ಚಿ ಪರಲೋಕ ಜಪ ಆರಂಭಿಸಿದಳು. ಅರ್ಧಕ್ಕೇ ನಿಲ್ಲಿಸಿ ಕಿಟಕಿಯತ್ತ ಧಾವಿಸಿದಳು.

“ಏ, ಜಪಾ ಪೂರಾ ಮುಗಸು. ಅಲ್ಲೀತನಾ ನೋಡಬಾರದು,” ಎಂದ ಇನ್ನಾಸಪ್ಪ.

“ನನ್ನ ಪಾಲಿಂದೂ ನೀವ ಮುಗಸ್ರಿ.”

ಕಿಟಕಿಯಾಚೆ ಯಾರೂ ಕಾಣಲಿಲ್ಲ. ಬಾಗಿಲು ತೆರೆದಾಗ, ಬಾಯಿಗೆ ಬಿಗಿಯಾಗಿ ಹುರಿ ಕಟ್ಟಿದ ಗೋಣಿಚೀಲವೊಂದು ಹೊಸ್ತಿಲ ಪಕ್ಕದ ಗೋಡೆಗೆ ಒರಗಿ ನಿಂತಿತ್ತು. ಒಳಗೆ ಜೋಳ.

“ಬಂತು ನೋಡ್ರಿ,” ಎಂದಳು ಲೂರ್ದವ್ವ. ಆ ದನಿಯಲ್ಲಿ ಭಕ್ತಿಗಿಂತ ಬೇಟೆಯ ಉತ್ಸಾಹವೇ ಹೆಚ್ಚಾಗಿತ್ತು. “ಈ ಸರ್ತಿ ಕಳ್ಳ ಹೆಂಗ ತಪ್ಪಿಸ್ಕೋತಾನ ನೋಡ್ತೇನಿ.”

ಅಮ್ಮಿನಬಾವಿಯಿಂದ ತುಸು ಒಳಗಿರುವ ಮರಿಯಾಪುರದಲ್ಲಿ ಕ್ರೈಸ್ತರ ಮನೆಗಳೆಲ್ಲ ಒಂದೇ ಓಣಿಯಲ್ಲಿವೆ. ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ತಪಸ್ಸುಕಾಲದಲ್ಲಿ ಅಲ್ಲಿಯವರು ಶುಕ್ರವಾರ ಒಂದು ಹೊತ್ತು ಉಪವಾಸವಿರುತ್ತಾರೆ. ಆ ಹೊತ್ತಿಗೆ ರೊಟ್ಟಿಯಾಗಬೇಕಿದ್ದ ಜೋಳವನ್ನು ಸಂಜೆ ಚರ್ಚಿಗೆ ತಂದು ಒಂದೇ ಚೀಲಕ್ಕೆ ಸುರಿಯುತ್ತಾರೆ. ಕತ್ತಲಾದ ಮೇಲೆ ಫಾದರ್ ಅದನ್ನು ಓಣಿಯ ಯಾವುದೋ ಒಂದು ಬಾಗಿಲಲ್ಲಿಟ್ಟು, ಬಡಿದು, ತಿರುಗಿ ನೋಡದೆ ಹೋಗುತ್ತಾರೆ. ಒಳಗಿನವರು ಒಂದು ಪರಲೋಕ ಜಪ ಮುಗಿಸಿಯೇ ಬಾಗಿಲು ತೆರೆಯಬೇಕು. ಕೊರತೆಯಿದ್ದವರು ಜೋಳ ಇಟ್ಟುಕೊಂಡು, ಚೀಲ ತೊಳೆದು, ನಸುಕಿನಲ್ಲಿ ಚರ್ಚಿನ ಕಟ್ಟೆಯ ಮೇಲೆ ಹಾಕುತ್ತಾರೆ. ಕೊರತೆಯಿಲ್ಲದವರು ಮರುದಿನ ಕತ್ತಲಲ್ಲಿ ಅದನ್ನು ಮತ್ತೊಂದು ಬಾಗಿಲಿಗೆ ಒಯ್ಯುತ್ತಾರೆ. ಚೀಲ ಹೀಗೆ ನಡೆಯುತ್ತ ಹೋಗಿ, ಬೇಕಾದ ಮನೆಯಲ್ಲಿ ನಿಲ್ಲುತ್ತದೆ. ಉಂಡವರು ಯಾರೆಂದು ಯಾರಿಗೂ ತಿಳಿಯದು. ತಿಳಿಯಬಾರದೆಂಬುದೇ ಹಿರಿಯರ ಉದ್ದೇಶವಾಗಿತ್ತು.

ಬೇರೆ ವರ್ಷಗಳಲ್ಲಿ ಚೀಲ ವಾರಗಟ್ಟಲೆ ನಡೆಯುತ್ತಲೇ ಇರುತ್ತಿತ್ತು; ಬರಿದಾಗುತ್ತಿದ್ದುದು ಅಪರೂಪಕ್ಕೆ. ಈ ವರ್ಷ ಮಾತ್ರ ವಾರ ವಾರವೂ ತೊಳೆದ ಖಾಲಿ ಚೀಲ ಕಟ್ಟೆಯ ಮೇಲೆ ಬಂದು ಬೀಳುತ್ತಿತ್ತು. ಹಿಂದಿನ ಭಾನುವಾರ ಪೂಜೆಯಾದ ಮೇಲೆ ಇದೇ ಮಾತು ಸಭೆಗೆ ಬಂದಿತ್ತು. ಎತ್ತಿದವನು ಚರ್ಚಿನ ಪಾಲನಾ ಸಮಿತಿಯ ಕಾರ್ಯದರ್ಶಿ ಜೋಜಪ್ಪ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬಟ್ಟೆ ಅಂಗಡಿ ಇಟ್ಟವನು.

“ಒಂದು ಮನ್ಯಾಗ ವಾರಕ್ಕ ಇಷ್ಟು ಜೋಳ ಖರ್ಚಾಗ್ತೈತೇನ್ರಿ? ಯಾರೋ ಸಂತ್ಯಾಗ ಮಾರಾಕತ್ತಾರ,” ಎಂದಿದ್ದ ಅವನು. “ನಾವು ಹೊಟ್ಟಿ ಕಟ್ಟಿ ಕೊಟ್ಟದ್ದರಿ ಅದು. ಖರೇ ಹಸದವ್ರು ಪೂಜಿ ಆದಮ್ಯಾಲೆ ಮುಂದ ಬರಲಿ, ಸಾಲಾಗಿ ನಿಂತು ಇಸ್ಕೊಳ್ಳಲಿ. ಒಂದು ಫೋಟೊ ತಗದು ತೋರಿಸಿದ್ರ ನಮ್ಮ ಹುಬ್ಬಳ್ಳಿ ದೋಸ್ತರು ಎಣ್ಣಿ, ಬ್ಯಾಳಿನೂ ಕೊಡ್ತಾರ. ಬಡವ್ರಿಗೇ ಲಾಭಲ್ರಿ? ಇದರಾಗ ತಪ್ಪೇನೈತಿ?”

ಅನೇಕರು ತಲೆದೂಗಿದ್ದರು. ಹೊಸದಾಗಿ ಬಂದಿದ್ದ ತರುಣ ಫಾದರ್ ವಲೇರಿಯನ್ ಕರಾವಳಿಯವರು. ಅವರದು ಪುಸ್ತಕದ ಕನ್ನಡ. “ಹಿರಿಯರ ಪದ್ಧತಿಯನ್ನು ಬಂದ ಕೂಡಲೇ ನಾನು ಮುರಿಯಲಾರೆ,” ಎಂದು ಅವರು ಒಂದು ತೀರ್ಮಾನ ಹೇಳಿದ್ದರು. ಪಾಸ್ಕಕ್ಕೆ ಹಿಂದಿನ ಗರಿಗಳ ಭಾನುವಾರದೊಳಗೆ ವಾರ ವಾರ ಚೀಲ ಇಟ್ಟುಕೊಳ್ಳುವವರ ಹೆಸರು ತಿಳಿದರೆ, ಆ ಮನೆಯೊಂದನ್ನು ಬಿಟ್ಟು ಚೀಲ ಮುಂದೆಯೂ ನಡೆಯುತ್ತದೆ. ತಿಳಿಯದಿದ್ದರೆ ಚೀಲ ನಿಲ್ಲುತ್ತದೆ. ಜೋಜಪ್ಪ ಹೇಳಿದ ಸಾಲು ಆರಂಭವಾಗುತ್ತದೆ. ಪತ್ತೆಯ ಹೊಣೆ ಮಹಿಳಾ ಸಂಘದ ಅಧ್ಯಕ್ಷೆ ಲೂರ್ದವ್ವನದು. ಹೊಗೆಯ ವಾಸನೆಯಿಂದಲೇ ಯಾರ ಮನೆಯಲ್ಲಿ ಏನು ಬೇಯುತ್ತಿದೆಯೆಂದು ಹೇಳಬಲ್ಲ ಹೆಂಗಸು ಆಕೆ.

ಚೀಲ ಬಂದ ಮರುದಿನ ಬೆಳಿಗ್ಗೆ ಆಕೆ ನೇರವಾಗಿ ಓಣಿಯ ಕೊನೆಯ ಮನೆಗೆ ನಡೆದಳು. ಅದು ಬಳೆ ಮಾರುವ ರಸೂಲಬಿಯ ಮನೆ. ಚರ್ಚಿನ ಧರ್ಮಕೇಂದ್ರಕ್ಕೆ ಸೇರದಿದ್ದರೂ ಓಣಿಗೆ ಸೇರಿದ ಮನೆಯೆಂದು ಚೀಲ ಹಿಂದಿನಿಂದಲೂ ಅಲ್ಲಿಗೆ ಹೋಗುತ್ತಿತ್ತು. ಆಕೆ ವಿಧವೆ, ಒಂಟಿ, ಸಂತೆಯಿಂದ ಸಂತೆಗೆ ತಿರುಗುವವಳು. ಲೂರ್ದವ್ವನ ಸಂಶಯಕ್ಕೆ ಇನ್ನೇನು ಬೇಕು?

ರಸೂಲಬಿ ಬುಟ್ಟಿ ಮುಂದಿಟ್ಟುಕೊಂಡು ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು.

“ರಸೂಲಬಿ, ಚೀಲಾ ನಿನ್ನ ಕಡೆ ಬಂದಿತ್ತೇನು?”

“ಅದನ್ನ ಕೇಳಬಾರದಂತಲ್ರಿ ಅಕ್ಕಾರ?”

“ನಾ ಕೇಳಬಹುದು. ನನಗ ಅಧಿಕಾರ ಕೊಟ್ಟಾರ.”

“ಹಂಗೇನ್ರಿ? ಖಾಕಿ ಸೀರಿ ಯಾವಾಗ ತಗೋತೀರಿ ಮತ್ತ?” ರಸೂಲಬಿ ನಕ್ಕಳು. “ಬಂದಿತ್ರಿ. ನಿಮ್ಮ ಜಪಾ ನನಗ ಬರಂಗಿಲ್ಲ, ನಮ್ಮದ ಒಂದು ಓದಿ ಬಾಗಲಾ ತಗದೆ. ಉರುಸಿನ್ಯಾಗ ಬಳಿ ಛಲೋ ಹೋದವು, ನನಗ ಬ್ಯಾಡಾತು. ನಿನ್ನೆ ನಿಮ್ಮ ಬಾಗಲಾ ಬಡದಾಕಿನೂ ನಾನ.”

“ನಮ್ಮನಿಗೆ ಯಾಕ ತಂದಿ? ನಮಗೇನ ಕೊರತಿ ಐತಿ?”

“ಯಾರ ಮನ್ಯಾಗ ಏನ ಕೊರತಿ ಐತಿ ಅಂತ ಹೊರಗ ನಿಂತವ್ರಿಗೆ ಗೊತ್ತಾಗ್ತೈತೇನ್ರಿ?” ಪೋಣಿಸುತ್ತಿದ್ದ ಕೈ ನಿಂತಿತು. “ಅಕ್ಕಾರ, ನಾ ಮಾರಾಕತ್ತೇನಂತ ಓಣ್ಯಾಗ ಆಡ್ಕೊಳ್ಳಾಕತ್ತಾರಂತ, ಹೌದೇನ್ರಿ? ನಿನ್ನೆ ಬಳಿ ಇಡಿಸ್ಕೊಳ್ಳಾಕ ಬಂದವ್ರು ಇಡಿಸ್ಕೊಳ್ಳದ ಹೊಳ್ಳಿ ಹೋದ್ರು.”

ಲೂರ್ದವ್ವ ಮನೆಯತ್ತ ಹೊರಟಳು. ಬಾಗಿಲಿಗೆ ಬಂದ ಜೋಳವನ್ನು ಇಂಥ ಹೆಂಗಸು ಬೇಡವೆಂದು ಬಿಟ್ಟಳೆ? ನಂಬಲು ಆಕೆಯ ಮನಸ್ಸು ಸಿದ್ಧವಿರಲಿಲ್ಲ. ಆಗಲೇ ಒಂದು ಉಪಾಯ ಹೊಳೆಯಿತು. ತಮ್ಮ ಮನೆಯ ಎದುರಿಗೇ ಬ್ಯಾಂಡ್ ಮಾಸ್ತರ ಪಾವ್ಲಪ್ಪರ ಮನೆ. ಮದುವೆಯ ಮೆರವಣಿಗೆಗಳಲ್ಲಿ ಕೆಂಪು ಕೋಟು ತೊಟ್ಟು ತುತ್ತೂರಿ ಹಿಡಿದು ಮುಂದೆ ನಡೆಯುವ ಮನುಷ್ಯ. ಅವರು ಚೀಲ ಇಟ್ಟುಕೊಳ್ಳುವವರಲ್ಲ. ಮುಂದಿನ ಮನೆಗೆ ಒಯ್ಯುವುದು ಖಂಡಿತ. ಯಾರ ಮನೆಗೆ ಒಯ್ಯುತ್ತಾರೆ, ಅಲ್ಲಿಂದ ಅದು ಎಲ್ಲಿಗೆ ಹೋಗುತ್ತದೆ, ತಮ್ಮ ಕಿಟಕಿಯಿಂದಲೇ ಕಾಣುತ್ತದೆ.

ಕತ್ತಲಾಗುತ್ತಲೇ ಆಕೆ ಚೀಲವನ್ನು ಅವರ ಬಾಗಿಲಲ್ಲಿಟ್ಟು, ಬಡಿದು, ಓಡಿ ಬಂದು ಕಿಟಕಿಗೆ ಕಣ್ಣಿಟ್ಟಳು. ಎದುರಿನ ಬಾಗಿಲು ತೆರೆಯಿತು. ಎರಡು ಕೈಗಳು ಚೀಲವನ್ನು ಒಳಗೆಳೆದುಕೊಂಡವು. ಬಾಗಿಲು ಮುಚ್ಚಿತು.

ನಸುಕಿನಲ್ಲಿ ನೀರಿಗೆ ಹೊರಟಾಗ, ಚರ್ಚಿನ ಕಟ್ಟೆಯ ಮೇಲೆ ಒದ್ದೆ ಚೀಲ ಹರಡಿತ್ತು. ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಲೂರ್ದವ್ವ ಕೊಡ ಕೆಳಗಿಟ್ಟಳು. ಪಾವ್ಲಪ್ಪ ಮಾಸ್ತರರೆ? ಸಭೆಯಲ್ಲಿ ಎಲ್ಲರೂ ಮಾತಾಡುತ್ತಿದ್ದಾಗ ಆ ಮನುಷ್ಯ ಒಂದು ಮಾತನ್ನೂ ಆಡದೆ ಕುಳಿತಿದ್ದು ಈಗ ನೆನಪಾಯಿತು.

ಗರಿಗಳ ಭಾನುವಾರದ ಮೆರವಣಿಗೆಗೆ ಬ್ಯಾಂಡ್ ಗೊತ್ತು ಮಾಡುವ ನೆವ ಹಿಡಿದು ಆಕೆ ಅವರ ಮನೆ ಹೊಕ್ಕಳು.

“ಬರ್ರಿ ಅಧ್ಯಕ್ಷರ, ಬರ್ರಿ!” ಪಾವ್ಲಪ್ಪ ಎದ್ದು ಸ್ವಾಗತಿಸಿದರು. “ನಾಳಿ ಧಾರವಾಡದಾಗ ಮದವಿ ಐತಿ, ನಾಡದ ಉಪ್ಪಿನಬೆಟಗೇರ್ಯಾಗ. ಉಸರ ಬಿಡಾಕ ಪುರಸೊತ್ತಿಲ್ಲ ನೋಡ್ರಿ. ಆದ್ರೂ ಗರಿ ಮೆರವಣಿಗಿಗೆ ಇಲ್ಲಂತೇನೇನು?”

ಗೂಟದಲ್ಲಿ ಕೆಂಪು ಕೋಟು ಇಸ್ತ್ರಿಯ ಮಡಿಕೆ ಮುರಿಯದೆ ನೇತಾಡುತ್ತಿತ್ತು. ಮೂಲೆಯ ದೊಡ್ಡ ಡ್ರಮ್ಮಿನ ಮೇಲೆ ಮನೆಯವರ ಹಾಸಿಗೆಗಳನ್ನೆಲ್ಲ ಪೇರಿಸಿಟ್ಟಿದ್ದರು. ನಾಳೆ ಮದುವೆಗೆ ಹೊರಡುವ ಡ್ರಮ್ಮಿನ ಮೇಲೆ ಹಾಸಿಗೆ? ಲೂರ್ದವ್ವ ಅಡುಗೆಮನೆಯತ್ತ ಕಣ್ಣು ಹಾಯಿಸಿದಳು. ಮಾಸ್ತರರ ಹೆಂಡತಿ ಸಂತವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವಳು ತಟ್ಟನೆ ಅದರ ಮೇಲೆ ಸೆರಗೆಳೆದಳು. ಆದರೆ ಲೂರ್ದವ್ವ ಕಂಡಿದ್ದಳು. ಅದು ಒಂದೇ ಹೊಲದ ಜೋಳವಲ್ಲ. ಬಿಳಿಯದು, ಕೆಂಪು ಛಾಯೆಯದು, ದಪ್ಪ ಕಾಳು, ಸಣ್ಣ ಕಾಳು, ಎಲ್ಲ ಬೆರೆತ ಜೋಳ. ಊರೆಲ್ಲ ಸುರಿದ ಚೀಲವೊಂದರಲ್ಲೇ ಅಂಥ ಬೆರಕೆ ಇರಲು ಸಾಧ್ಯ.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಡ್ರಮ್ ಬಾರಿಸುವ ಗುಲಾಬಸಾಬ ಹೊರಬಿದ್ದ. ಹೆಗಲ ಮೇಲೆ ಭಾರದ ಗಂಟು. ಲೂರ್ದವ್ವನನ್ನು ಕಂಡದ್ದೇ ತಲೆ ತಗ್ಗಿಸಿ, ಸೈಕಲ್ಲು ಹತ್ತಿ ಮಾಯವಾದ.

ಎಲ್ಲ ಕೂಡಿಬಂದಿತ್ತು. ಮನೆಯೂ ಸಿಕ್ಕಿತು, ಸಂತೆಗೆ ಸಾಗಿಸುವವನೂ ಸಿಕ್ಕ. ಆಕೆ ನೇರವಾಗಿ ಹಿತ್ತಲಿಗೆ ನಡೆದು, ಹಿಂದೆಯೇ ಓಡಿಬಂದ ಸಂತವ್ವನನ್ನು ತಡೆದು ನಿಲ್ಲಿಸಿದಳು.

“ಗುಲಾಬಸಾಬ ಯಾವ ಸಂತ್ಯಾಗ ಮಾರ್ತಾನ? ಹೇಳ.”

“ಮಾರೂದಾ?” ಸಂತವ್ವ ದಿಗ್ಭ್ರಾಂತಳಾದಳು. “ಯಕ್ಕಾ, ಅವನ ಮನ್ಯಾಗ ನಿನ್ನೆ ಒಲಿ ಹತ್ತಿಲ್ಲ.”

“ನಿಮ್ಮ ಮಾಸ್ತರಗ ಪುರಸೊತ್ತಿಲ್ಲದಷ್ಟು ಮದವಿ ಅದಾವಲ್ಲ?”

“ಎಲ್ಲಿ ಮದವಿ ಯಕ್ಕಾ? ಎಲ್ಲಾರೂ ಡಿಜೆ ತರಸ್ತಾರ. ಗಾಡಿ ಮ್ಯಾಲೆ ದೊಡ್ಡ ಪೆಟಗಿ ಪೇರಸಿ ಗುಂಡಿ ಒತ್ತಿದ್ರ ಮುಗೀತು. ದೀಪಾವಳಿ ಆದಮ್ಯಾಲೆ ನಮ್ಮನ್ನ ಒಬ್ಬರೂ ಕರದಿಲ್ಲ.” ಆಕೆಯ ದನಿ ಪಿಸುಮಾತಿಗಿಳಿಯಿತು. “ಗುಲಾಬಸಾಬ, ಇಕ್ಬಾಲ, ಬಾರಸೋರೆಲ್ಲಾ ಇವ್ರನ್ನ ನಂಬಿದವ್ರು. ಮಾಸ್ತರ ಅಂತ ಕರಸ್ಕೊಂಡು ನಾ ಒಬ್ಬನ ಹೆಂಗ ಉಣ್ಣಲಿ ಅಂತಾರ. ಚೀಲಾ ಬಂದ ರಾತ್ರಿನ ಎಲ್ಲಾ ಮನಿಗೆ ಪಾಲು ಕಟ್ತಾರ. ನಮಗ ಉಳದದ್ದು ಆ ಮೊರದಾಗಿಂದು ಅಷ್ಟ.”

“ಫಾದರಿಗರೆ ಹೇಳಬೇಕಿತ್ತು.”

“ಹೇಳಿದ್ರ ಊರಿಗೆಲ್ಲಾ ಗೊತ್ತಾಗ್ತೈತಿ, ಹೇಳದಿದ್ರ ನಾಳಿ ಸಾಲಿನ್ಯಾಗ ನಿಲ್ಲಬೇಕು. ಮೆರವಣಿಗಿ ಮುಂದ ನಡದ ಮನುಷ್ಯಾ ಯಕ್ಕಾ. ಕೈಯಾಗ ಪೊಟ್ಟಣ ಹಿಡಿಸಿ ಫೋಟೊ ತಗದ್ರ ಅವ್ರು ಮತ್ತ ಮನಿ ಬಿಟ್ಟು ಹೊರಗ ಬೀಳಂಗಿಲ್ಲ. ಹಸಿವಿನಿಂದಲ್ಲ, ನಾಚಿಕಿಯಿಂದ ಸಾಯ್ತಾರ.” ಸಂತವ್ವ ಕೈ ಮುಗಿಯಲಿಲ್ಲ, ಅಳಲಿಲ್ಲ. “ಈ ಮಾತು ನಿಮ್ಮ ಹೊಟ್ಟ್ಯಾಗ ಇಟ್ಕೊಳ್ರಿ.”

ಒಳಗಿನಿಂದ ಮಾಸ್ತರರು ಕೂಗಿ ಹೇಳುತ್ತಿದ್ದರು: “ಏ, ಅಧ್ಯಕ್ಷರಿಗೆ ಚಾ ಮಾಡಲಿಲ್ಲೇನ?”

ಚಹಾ ಬಂತು. ಒಂದೇ ಕಪ್ಪು. ತಾವು ಈಗಷ್ಟೇ ಕುಡಿದೆವೆಂದರು ಪಾವ್ಲಪ್ಪ. ಲೂರ್ದವ್ವ ತಲೆಯೆತ್ತದೆ ಅದನ್ನು ಕುಡಿದು ಮುಗಿಸಿದಳು.

“ಏನ್ ಪೊಲೀಸರ, ಕಳ್ಳ ಸಿಕ್ಕನೇನು?” ಮನೆಗೆ ಬಂದಾಗ ಇನ್ನಾಸಪ್ಪ ಕೇಳಿದ.

“ಸುಮ್ಮನ ಕುಂದರ್ರಿ,” ಎಂದಳು ಆಕೆ. ಆ ವಾರವಿಡೀ ಆಕೆ ಮಾತು ಕಡಿಮೆ ಮಾಡಿದ್ದನ್ನು ಕಂಡು, ಕಳ್ಳ ದೊಡ್ಡ ಕುಳವೇ ಇರಬೇಕೆಂದು ಓಣಿ ಊಹಿಸಿತು. ಆದರೂ ಊಹೆಗಳೆಲ್ಲ ತಿರುಗಿ ತಿರುಗಿ ಬಳೆಯ ಬುಟ್ಟಿಯ ಬಳಿಗೇ ಹೋಗುತ್ತಿದ್ದವು. ರಸೂಲಬಿ ಓಣಿಯಲ್ಲಿ ಬಳೆ ಕೂಗುವುದನ್ನು ನಿಲ್ಲಿಸಿದಳು.

ಲೂರ್ದವ್ವ ನಿದ್ದೆಗೆಟ್ಟು ಯೋಚಿಸಿದಳು. ಬಾಯಿ ಬಿಡದಿದ್ದರೆ ಚೀಲ ನಿಲ್ಲುತ್ತದೆ. ಹಸಿದವರು ಒಂದೋ ಸಾಲಿಗೆ ಬರಬೇಕು, ಇಲ್ಲವೇ ಹಸಿದೇ ಇರಬೇಕು. ಬಾಯಿ ಬಿಟ್ಟರೆ ಮಾಸ್ತರರ ಕಥೆ ಮುಗಿಯುತ್ತದೆ; ಅವರನ್ನು ನಂಬಿದ ಮನೆಗಳಿಗೂ ಜೋಳ ತಪ್ಪುತ್ತದೆ. ಸಾಲಿನ ಮಾತಿಗೆ ಅಂದು ಮೊದಲು ತಲೆದೂಗಿದವಳು ತಾನೇ ಎಂಬುದು ಆಕೆಗೆ ಮರೆಯಲಿಲ್ಲ.

ಗರಿಗಳ ಭಾನುವಾರ ಪೂಜೆ ಮುಗಿದರೂ ಯಾರೂ ಮನೆಗೆ ಹೋಗಲಿಲ್ಲ. ಈಚಲ ಗರಿಗಳನ್ನು ಹಿಡಿದ ಜನ ಬೆಂಚುಗಳಲ್ಲಿ ಒತ್ತೊತ್ತಾಗಿ ಕುಳಿತರು. ಜೋಜಪ್ಪ ಕರೆಸಿದ್ದರಿಂದ ರಸೂಲಬಿಯೂ ಬಂದು ಬಾಗಿಲ ಆಚೆ ಗೋಡೆಗೆ ಅಂಟಿ ನಿಂತಿದ್ದಳು.

“ಅಕ್ಕಾರ, ಹೆಸರು ಸಿಕ್ಕಿತೋ ಇಲ್ಲೋ?” ಜೋಜಪ್ಪ ಕೇಳಿದ.

“ಸಿಕ್ಕೈತಿ.”

ಗರಿಗಳು ಸರಸರ ಸದ್ದು ಮಾಡಿದವು. “ಆ ಬಳಿಗಾರ್ತಿನ, ಮತ್ಯಾರು?” ಎಂದು ಹೆಂಗಸರ ಕಡೆಯಿಂದ ಯಾರೋ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಕೆಲವರು ತಿರುಗಿ ಬಾಗಿಲತ್ತ ನೋಡಿದರು.

ಹಿಂದಿನ ಬೆಂಚಿನಲ್ಲಿ ಪಾವ್ಲಪ್ಪರ ಮುಖ ಬಿಳಿಚಿತು. ಅವರೂ ರಸೂಲಬಿಯನ್ನೇ ನೋಡುತ್ತಿದ್ದರು. ನಿಧಾನವಾಗಿ ಅವರ ಎರಡೂ ಕೈಗಳು ಮುಂದಿನ ಬೆಂಚನ್ನು ಹಿಡಿದವು. ಸಂತವ್ವ ಆಚೆ ಸಾಲಿನಿಂದ ತಲೆಯಾಡಿಸಿ ಬೇಡವೆನ್ನುತ್ತಿದ್ದಳು. ಆದರೂ ಮಾಸ್ತರರು ಏಳತೊಡಗಿದರು.

ಲೂರ್ದವ್ವ ಅವರಿಗಿಂತ ಮೊದಲು ಎದ್ದು ನಿಂತಳು.

“ಫಾದರ್, ಹೆಸರು ಹೇಳಿದ್ರ ಆ ಮನಿ ಒಂದು ಬಿಟ್ಟು ಚೀಲಾ ಹಿಂದಿನಂಗ ನಡೀತೈತಿ, ಹೌದಲ್ರಿ?”

“ನಡೆಯುತ್ತದೆ.”

“ಸಾಲು, ಫೋಟೊ ಯಾವುದೂ ಇಲ್ಲ?”

“ಇಲ್ಲ. ನಾನು ಮಾತು ಕೊಟ್ಟಿದ್ದೇನೆ.”

“ಜೋಜಪ್ಪಾ, ನಿನಗೂ ಒಪ್ಪಿಗಿ ಐತೇನು?”

“ಐತ್ರಿ ಅಕ್ಕಾರ. ಮದ್ಲ ಹೆಸರು ಹೇಳ್ರಿ.”

ಅರ್ಧ ಎದ್ದಿದ್ದ ಪಾವ್ಲಪ್ಪರನ್ನು ಆಕೆ ಒಮ್ಮೆ, ಕುಳಿತುಕೊಳ್ಳಿರೆಂಬಂತೆ, ದಿಟ್ಟಿಸಿ ನೋಡಿದಳು. ಆಮೇಲೆ ಗಂಡಸರ ಬೆಂಚಿನಲ್ಲಿದ್ದ ಇನ್ನಾಸಪ್ಪನತ್ತ ತಿರುಗದೆ, ಇಡೀ ಚರ್ಚಿಗೆ ಕೇಳುವಂತೆ ಹೇಳಿದಳು:

“ವಾರ ವಾರ ಚೀಲಾ ಇಟ್ಕೊಂಡಾಕಿ ಈ ಇನ್ನಾಸಪ್ಪನ ಹೇಣ್ತಿ, ಲೂರ್ದವ್ವ.”